ವಾಡೆ ಮಾರಾಟಕ್ಕಿದೆ; ಬಾಡಿಗೆದಾರರೇ ಸೇರಿ ಕೊಳ್ಳಬಹುದೇ?

ಪ್ರಶ್ನೆ: ಸೊಲ್ಲಾಪುರದ ಶುಕ್ರವಾರ ಪೇಠೆಯ ಹಳೆಯ ವಾಡೆಯೊಂದರಲ್ಲಿ (ಅಂಗಳದ ಸುತ್ತ ಮನೆಗಳಿರುವ ದೊಡ್ಡ ಕಟ್ಟಡ) ಮೂರು ತಲೆಮಾರಿನಿಂದ ಬಾಡಿಗೆಗೆ ಇದ್ದೇವೆ. ಒಟ್ಟು 18 ಮನೆ. ಹೆಚ್ಚಿನವರು ಕನ್ನಡದವರು, ತೆಲುಗು ಮಾತಾಡುವ ನೇಕಾರ ಪದ್ಮಶಾಲಿಗಳ ನಾಲ್ಕೈದು ಮನೆಗಳೂ ಇವೆ. ಅಜ್ಜ ಮಿಲ್ಲಿನಲ್ಲಿದ್ದಾಗ ಹಿಡಿದ ಖೋಲಿ (ಕೋಣೆ) ನಮ್ಮದು. ಮಾಲಕರು ತೀರಿಕೊಂಡ ಮೇಲೆ ಪುಣೆಯಲ್ಲಿರುವ ಮಕ್ಕಳು ಬಿಲ್ಡರನೊಂದಿಗೆ ಮಾತಾಡಿದ್ದಾರೆ. ಈಗ ಒಬ್ಬೊಬ್ಬರನ್ನೇ ಕರೆದು ‘ಇಷ್ಟು ತಗೊಂಡು ಖಾಲಿ ಮಾಡ್ರಿ’ ಅನ್ನುತ್ತಿದ್ದಾರೆ. ಬಾಡಿಗೆದಾರರಲ್ಲಿ ಶೇ. 70 ಮಂದಿ ಸೇರಿದರೆ ಸರ್ಕಾರವೇ ಜಾಗ ಕೊಡಿಸುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ, ನಿಜವೇ? ನಾವೇ ಸೇರಿ ಕೊಳ್ಳುವುದಾದರೆ ಸೊಸೈಟಿ ಮಾಡಬೇಕೋ, ಟ್ರಸ್ಟ್ ಮಾಡಬೇಕೋ? ಬೀಡಿ ಕಟ್ಟಿ ಬದುಕುವ ಇಬ್ಬರು ಒಂಟಿ ಹೆಂಗಸರು ಇದ್ದಾರೆ, ಅವರ ಕೈಯಲ್ಲಿ ದುಡ್ಡಿಲ್ಲ. ಅವರನ್ನೇನು ಮಾಡುವುದು? ಊರಾಚೆ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರಿಗೆ ಸಿಕ್ಕ ಮನೆಗಳ ಹಾಗೆ ನಮಗೂ ಏನಾದರೂ ಆದೀತೇ?

ಉತ್ತರ: ಕೊಳ್ಳಬಹುದು. ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಕೊಳ್ಳುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಕೊಂಡ ಮೇಲೆ ನಿಮ್ಮಲ್ಲೇ ಒಬ್ಬರು, ಇಲ್ಲವೇ ನಿಮ್ಮ ಮಕ್ಕಳು, ಅದನ್ನು ಅದೇ ಬಿಲ್ಡರನ ಕೈಗೆ ಕೊಡದ ಹಾಗೆ ನೋಡಿಕೊಳ್ಳುವುದು. ಸೊಸೈಟಿಯೋ ಟ್ರಸ್ಟೋ ಎಂಬ ನಿಮ್ಮ ಪ್ರಶ್ನೆಯ ಒಳಗಿರುವುದು ಅದೇ. ಅದಕ್ಕೆ ಬರುವ ಮೊದಲು ಈ ವಾರವೇ ಮಾಡಬೇಕಾದ, ಮಾಡಬಾರದ ಕೆಲವು ಸಂಗತಿ ಹೇಳುತ್ತೇನೆ.

ಯಾರೂ ಒಬ್ಬೊಬ್ಬರೇ ಹೋಗಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಬಾಡಿಗೆ ಕೊಡುವುದನ್ನು ನಿಲ್ಲಿಸಬೇಡಿ. ಮಾಲಕರ ಮಕ್ಕಳು ತೆಗೆದುಕೊಳ್ಳಲು ಒಪ್ಪದಿದ್ದರೆ ಮನಿ ಆರ್ಡರ್ ಮಾಡಿ, ಅಥವಾ ಬ್ಯಾಂಕ್ ಮೂಲಕ ಕಳಿಸಿ, ದಾಖಲೆ ಇಟ್ಟುಕೊಳ್ಳಿ. ಖೋಲಿಗೆ ಬೀಗ ಜಡಿದು ಮಗನ ಮನೆಗೋ ಹೊಸ ಬಡಾವಣೆಗೋ ಹೋಗಿ ಕೂರಬೇಡಿ. ಸಕಾರಣವಿಲ್ಲದೆ ಸತತ ಆರು ತಿಂಗಳು ಮನೆ ಬಳಸದಿದ್ದರೆ ಅದೊಂದೇ ತೆರವಿಗೆ ಸಾಕಾಗುವ ಕಾರಣ.

ನಿಮ್ಮನ್ನು ಕಾಯುತ್ತಿರುವುದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ. 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಬಾಡಿಗೆ ಸರಿಯಾಗಿ ಕಟ್ಟುತ್ತ, ಕರಾರಿನ ಷರತ್ತು ಪಾಲಿಸುತ್ತ ಇರುವವರನ್ನು ಮಾಲಕ ಸುಮ್ಮನೆ ಹೊರಹಾಕುವಂತಿಲ್ಲ. 16ನೇ ಕಲಮಿನಲ್ಲಿ (ಸೆಕ್ಷನ್) ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಾಕಿ ಬಿದ್ದಿದೆ ಎಂದು ದಾವೆ ಹೂಡಿದರೂ, ಸಮನ್ಸ್ ತಲುಪಿದ 90 ದಿನದೊಳಗೆ ಶೇ. 15ರ ಬಡ್ಡಿ ಸಮೇತ ಕಟ್ಟಿದವನನ್ನು ಆ ಕಾರಣಕ್ಕೆ ತೆರವು ಮಾಡಿಸುವಂತಿಲ್ಲ. ಬಾಡಿಗೆದಾರ ಸತ್ತರೆ ಅವನ ಜೊತೆ ವಾಸವಿದ್ದ ಮನೆಯವರಿಗೆ ಹಕ್ಕು ಮುಂದುವರಿಯುತ್ತದೆ. ನಿಮ್ಮ ಅಜ್ಜನ ಖೋಲಿ ನಿಮ್ಮವರೆಗೆ ಬಂದದ್ದು ಹೀಗೆ. ಬಾಡಿಗೆ ವರ್ಷಕ್ಕೆ ಶೇ. 4ರಷ್ಟು ಏರಿಸಲು ಮಾಲಕನಿಗೆ ಅವಕಾಶವಿದೆ. ಅಷ್ಟು ಕೇಳಿದರೆ ಜಗಳಕ್ಕೆ ನಿಲ್ಲದೆ ಕೊಟ್ಟುಬಿಡಿ. ನೀರು, ಕರೆಂಟು ಕತ್ತರಿಸಿದರೆ 29ನೇ ಕಲಮಿನಡಿ ನೇರ ಕೋರ್ಟಿಗೆ ಹೋಗಬಹುದು.

ಬಿಲ್ಡರುಗಳ ಇನ್ನೊಂದು ದಾರಿ ‘ಧೋಕಾದಾಯಕ ಇಮಾರತ್’, ಅಂದರೆ ಅಪಾಯಕಾರಿ ಕಟ್ಟಡ ಎಂಬ ನೋಟೀಸು. ಮಹಾನಗರಪಾಲಿಕೆ ಕಾಯ್ದೆಯ 264ನೇ ಕಲಮಿನಡಿ ಬೀಳುವ ಸ್ಥಿತಿಯ ಕಟ್ಟಡ ಇಳಿಸಲು ಪಾಲಿಕೆ ಹೇಳಬಹುದು. ಕಲ್ಲು, ಮಣ್ಣಿನ ಮಾಳಿಗೆಯ ವಾಡೆಗೆ ಇಂಥ ನೋಟೀಸು ತರಿಸುವುದು ಕಷ್ಟವೇನಲ್ಲ. ನೋಟೀಸು ಬಂದ ದಿನ ‘ಇನ್ನು ಮುಗೀತು’ ಎಂದು ಅರ್ಧ ವಾಡೆ ಖಾಲಿಯಾಗುತ್ತದೆ, ಲೆಕ್ಕ ಹಾಕಿದವರಿಗೆ ಬೇಕಾದದ್ದೂ ಅದೇ. ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆಯ ಹಕ್ಕು ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದ್ದರಿಂದ ನೀವೇ ಮುಂಚಿತವಾಗಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ವಾಡೆಯ ವರದಿ ಮಾಡಿಸಿ. ಪ್ರತಿ ಮನೆಯ ಅಳತೆ, ಫೋಟೋ, ಯಾರ ಹೆಸರಲ್ಲಿದೆ ಎಂಬ ಪಟ್ಟಿ ಮಾಡಿ ಇಡಿ. ಕೊಳ್ಳುವ ಹೊತ್ತಿಗೆ ಆ ವರದಿ ಹೇಗೂ ಬೇಕು, ರಿಪೇರಿಯ ಖರ್ಚು ತಿಳಿಯದೆ ಬೆಲೆ ಮಾತಾಡುವುದು ಕುರುಡು ವ್ಯಾಪಾರ.

ಇನ್ನು ವಾಟ್ಸಾಪಿನ ಶೇ. 70. ಅದು ಹುಟ್ಟಾ ಸುಳ್ಳಲ್ಲ, ಆದರೆ ನಿಮ್ಮೂರಿನದಲ್ಲ. ಮುಂಬೈಯಲ್ಲಿ ರಿಪೇರಿಗೆಂದು ಸೆಸ್ ಎಂಬ ತೆರಿಗೆ ಕಟ್ಟುವ ಹಳೆಯ ಕಟ್ಟಡಗಳಿಗಾಗಿ ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಕಾಯ್ದೆಗೆ 1986ರಲ್ಲಿ ಒಂದು ಅಧ್ಯಾಯ ಸೇರಿಸಿದರು. ಶೇ. 70 ನಿವಾಸಿಗಳು ಸಹಕಾರಿ ಸಂಘ ಕಟ್ಟಿ ಅರ್ಜಿ ಕೊಟ್ಟರೆ, ಮಾಸಿಕ ಬಾಡಿಗೆಯ ನೂರು ಪಟ್ಟು ಪರಿಹಾರಕ್ಕೆ ಕಟ್ಟಡ ಸ್ವಾಧೀನ ಮಾಡಿಕೊಡುವ ವ್ಯವಸ್ಥೆ ಅದು. ಮಾಲಕರು ಕೋರ್ಟಿಗೆ ಹೋದರು. ಅದೇ ಪ್ರಕರಣ ಬೆಳೆದು ಬೆಳೆದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪತ್ತು ಎನ್ನಲಾಗದು ಎಂದು 2024ರ ನವೆಂಬರ್ 5ರಂದು ಬಂದ ತೀರ್ಪನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಸೊಲ್ಲಾಪುರದ ಪೇಠೆಗೆ ಆ ಅಧ್ಯಾಯ ಅನ್ವಯಿಸುವುದಿಲ್ಲ. ಮಾರುವ ಮುಂಚೆ ಬಾಡಿಗೆದಾರನನ್ನು ಕೇಳಲೇಬೇಕು ಎಂಬ ನಿಯಮವೂ ನಮ್ಮ ಬಾಡಿಗೆ ಕಾಯ್ದೆಯಲ್ಲಿಲ್ಲ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1980ರಿಂದ ಅಂಥ ಕಾಯ್ದೆ ಇದೆ, ಮಾಲಕ ಮಾರುವುದಾದರೆ ಮೊದಲ ಅವಕಾಶ ಬಾಡಿಗೆದಾರರ ಸಂಘಕ್ಕೆ. ನೀವು ಮಾಲಕರ ಮಕ್ಕಳನ್ನು ಮಾತಿನಲ್ಲೇ ಒಪ್ಪಿಸಬೇಕು.

ಒಪ್ಪಿಸಲು ನಿಮ್ಮ ಬಳಿ ಏನಿದೆ? ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ವಾಡೆ ಮಾರಿದರೂ ಬಾಡಿಗೆ ಮುರಿಯುವುದಿಲ್ಲ. ಕೊಂಡವನು ನಿಮ್ಮನ್ನೂ ಸೇರಿಸಿಯೇ ಕೊಳ್ಳಬೇಕು. ಖಾಲಿ ಜಾಗಕ್ಕೆ ಬಿಲ್ಡರ್ ಕೊಡುವ ಬೆಲೆಯೇ ಬೇರೆ, 18 ಸಂಸಾರ ಕೂತ ಜಾಗಕ್ಕೆ ಕೊಡುವ ಬೆಲೆಯೇ ಬೇರೆ. ಆ ಎರಡು ಬೆಲೆಗಳ ನಡುವಿನ ಅಂತರವೇ ನಿಮ್ಮ ಬಂಡವಾಳ. ಅದನ್ನೇ ಈಗ ಒಬ್ಬೊಬ್ಬರಿಂದ ಅಗ್ಗಕ್ಕೆ ಕೊಳ್ಳಲು ಹೊರಟಿದ್ದಾರೆ. ಮೊದಲ ಮೂರು ಮನೆ ಖಾಲಿಯಾದರೆ ಉಳಿದ ಹದಿನೈದು ಮನೆಯವರ ಕೈ ಸಡಿಲವಾಗುತ್ತದೆ. 18 ಮನೆಯೂ ಕೂಡಿ ಒಂದೇ ಪತ್ರ ಬರೆದು ‘ನಾವೇ ಕೊಳ್ಳುತ್ತೇವೆ, ಕೋರ್ಟು ಕಚೇರಿ ಅಲೆದಾಟವಿಲ್ಲದೆ ದುಡ್ಡು ಕೊಡುತ್ತೇವೆ’ ಎಂದರೆ ಪುಣೆಯಲ್ಲಿ ಕೂತವರಿಗೂ ಅದು ಕೇಳಿಸುವ ಮಾತೇ. ವರ್ಷಗಟ್ಟಲೆ ದಾವೆ ನಡೆಸಿ ಬರುವ ಹೆಚ್ಚಿನ ಬೆಲೆಗಿಂತ ಈಗಲೇ ಬರುವ ಸಾಧಾರಣ ಬೆಲೆ ಅನೇಕ ವಾರಸುದಾರರಿಗೆ ಹಿತ.

ವಾರಸುದಾರರು ಎಂದ ಕೂಡಲೇ ಎಚ್ಚರಿಕೆ. ಸಿಟಿ ಸರ್ವೆ ಆಫೀಸಿನಿಂದ ಪ್ರಾಪರ್ಟಿ ಕಾರ್ಡ್ (ಜಾಗದ ಒಡೆತನದ ದಾಖಲೆ) ತೆಗೆಸಿ. ತೀರಿಕೊಂಡವರ ಹೆಸರೇ ಇನ್ನೂ ಅದರಲ್ಲಿದ್ದರೆ ಮೊದಲು ಎಲ್ಲ ವಾರಸುದಾರರ ಹೆಸರು ಏರಲಿ, ಹೆಣ್ಣುಮಕ್ಕಳದೂ ಸೇರಿ. ಅಣ್ಣ ಬಂದು ‘ತಂಗಿಯರದ್ದು ನಾನು ನೋಡಿಕೊಳ್ತೇನೆ’ ಎಂದರೆ ನಂಬಿ ಇಸಾರ (ಮುಂಗಡ) ಕೊಡಬೇಡಿ. ಎಲ್ಲರ ಸಹಿಯಿರುವ, ನೋಂದಣಿಯಾದ ಕರಾರಿಲ್ಲದೆ ಒಂದು ರೂಪಾಯಿಯೂ ಕೈ ಬದಲಾಗಬಾರದು.

ಈಗ ಸೊಸೈಟಿಯ ಮಾತು. ಮಹಾರಾಷ್ಟ್ರದ 1960ರ ಸಹಕಾರ ಕಾಯ್ದೆ, 1961ರ ನಿಯಮಗಳಲ್ಲಿ ಗೃಹನಿರ್ಮಾಣ ಸಂಘಗಳಿಗೆ ಬೇರೆ ಬೇರೆ ವರ್ಗಗಳಿವೆ. ನಿಮಗೆ ಸಂಬಂಧಿಸಿದವು ಎರಡು. ಒಂದು ‘ಟೆನೆಂಟ್ ಓನರ್‌ಶಿಪ್’: ಜಾಗ ಸಂಘದ್ದು, ಮನೆ ಸದಸ್ಯನದು. ಇನ್ನೊಂದು ‘ಟೆನೆಂಟ್ ಕೋ-ಪಾರ್ಟ್‌ನರ್‌ಶಿಪ್’: ಜಾಗ, ಕಟ್ಟಡ ಎರಡೂ ಸಂಘದ್ದೇ, ಸದಸ್ಯನಿಗೆ ಷೇರು ಮತ್ತು ವಾಸದ ಹಕ್ಕು. ನೀವು ಎರಡನೆಯದನ್ನೇ ಕೇಳಿ. ಇದು ಹೊಸ ಕನಸೇನಲ್ಲ. ಮುಂಬೈಯ ಗಾಂದೇವಿಯಲ್ಲಿ 1915ರಲ್ಲಿ ಶುರುವಾದ ಸಾರಸ್ವತ ಸಹಕಾರಿ ಗೃಹ ಸಂಘ ಈ ಪದ್ಧತಿಯಲ್ಲೇ ನಡೆಯಿತು. ಅದನ್ನು ಕಟ್ಟಿದ ರಾವ್ ಬಹಾದ್ದೂರ್ ಎಸ್. ಎಸ್. ತಲ್ಮಕಿ ಕೆನರಾ ಮೂಲದ ಚಿತ್ರಾಪುರ ಸಾರಸ್ವತರು. ಕೆಲಸ ಹುಡುಕಿ ಮುಂಬೈಗೆ ಬಂದವರು ಬಾಡಿಗೆ ಕೊಟ್ಟು ಕೊಟ್ಟು ಸೋತು, ತಮ್ಮ ಮಾಲಕ ತಾವೇ ಆಗೋಣ ಎಂದುಕೊಂಡದ್ದರ ಫಲ ಅದು. ಅದಕ್ಕೂ ಮೊದಲು, 1909ರಲ್ಲೇ, ಬೆಂಗಳೂರಿನಲ್ಲಿ ಗೃಹನಿರ್ಮಾಣ ಸಹಕಾರಿ ಸಂಘ ಹುಟ್ಟಿತ್ತು. ಈ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ.

ಆದರೆ ಸೊಸೈಟಿಯಲ್ಲಿ ಎರಡು ತೂತುಗಳಿವೆ, ಅದನ್ನು ಮಾಡಿಕೊಡುವ ಏಜೆಂಟರು ಇವನ್ನು ಹೇಳುವುದಿಲ್ಲ.

ಮೊದಲನೆಯದು ಷೇರಿನ ಮಾರಾಟ. ಸದಸ್ಯ ತನ್ನ ಷೇರು, ಮನೆ ಹೊರಗಿನವರಿಗೆ ಪೇಟೆ ಬೆಲೆಗೆ ಮಾರಿದರೆ ಸಂಘಕ್ಕೆ ಸಿಗುವುದು ವರ್ಗಾವಣೆಯ ಪ್ರೀಮಿಯಂ ಮಾತ್ರ. ಸರ್ಕಾರದ 2001ರ ಆದೇಶದಂತೆ ಮಹಾನಗರಪಾಲಿಕೆ ಪ್ರದೇಶದಲ್ಲಿ ಅದು ಹೆಚ್ಚೆಂದರೆ 25,000 ರೂಪಾಯಿ. ನಾಲ್ಕು ಲಕ್ಷಕ್ಕೆ ಪಡೆದ ಮನೆ ಹತ್ತು ವರ್ಷದ ಮೇಲೆ ಇಪ್ಪತ್ತು ಲಕ್ಷಕ್ಕೆ ಹೋದರೆ, ಮುಂದೆ ಬರುವವನು ಬೀಡಿ ಕಟ್ಟುವವನೋ ಮಗ್ಗದವನೋ ಆಗಿರುವುದಿಲ್ಲ. ಎರಡನೆಯದು ಪುನರ್ನಿರ್ಮಾಣ. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಪ್ಪಿದರೆ ಸಂಘ ಬಿಲ್ಡರನನ್ನು ಕರೆಯಬಹುದು. ಅಂದರೆ ನಿಮ್ಮ 18ರಲ್ಲಿ 10 ಮನೆ. ಇಂದು ಒಗ್ಗಟ್ಟಿನಿಂದಿರುವ ನೀವು ನಗಬಹುದು. ಹೊಸ ಕಟ್ಟಡದಲ್ಲಿ ದೊಡ್ಡ ಫ್ಲ್ಯಾಟು, ಮೇಲೊಂದಿಷ್ಟು ಕಾರ್ಪಸ್ (ಬಿಲ್ಡರ್ ಕೊಡುವ ಇಡುಗಂಟು) ಎಂಬ ಮಾತು ಬಂದ ದಿನ ಉಳಿದ ಎಂಟು ಮನೆಯವರು ಒಂಟಿಯಾಗುತ್ತಾರೆ. ಉಪವಿಧಿಗಳಲ್ಲಿ (ಬೈಲಾ) ‘ಮಾರಕೂಡದು’ ಎಂದು ಬರೆದಿಟ್ಟರೆ ಸಾಲದೇ ಎಂದು ಕೇಳುತ್ತಾರೆ. ಉಪವಿಧಿ ಬರೆಯುವುದೂ ತಿದ್ದುವುದೂ ಅದೇ ಸಭೆ. ಬೀಗದ ಕೈ ಕಳ್ಳನಾಗಬಹುದಾದವನ ಜೇಬಿನಲ್ಲೇ ಇರುತ್ತದೆ.

ಆದ್ದರಿಂದ ಒಂದು ಬೀಗದ ಕೈ ಹೊರಗಿನವರ ಬಳಿ ಇರಬೇಕು ಎಂಬ ಆಲೋಚನೆ ಬೇರೆ ದೇಶಗಳಲ್ಲಿ ಬೆಳೆದದ್ದು. ಜರ್ಮನಿಯಲ್ಲಿ ಬಾಡಿಗೆದಾರರು ಕೊಂಡ ಕಟ್ಟಡಗಳ ಒಂದು ಒಕ್ಕೂಟವಿದೆ. ಪ್ರತಿ ಕಟ್ಟಡದ ಒಡೆತನ ಒಂದು ಕಂಪನಿಯದು, ಅದಕ್ಕೆ ಇಬ್ಬರೇ ಪಾಲುದಾರರು: ವಾಸಿಗಳ ಸಂಘ ಮತ್ತು ಒಕ್ಕೂಟ. ವಾಸಿಗಳು ಮನೆ ನಡೆಸುತ್ತಾರೆ, ಮಾರುವ ಮಾತು ಬಂದರೆ ಒಕ್ಕೂಟ ಬೇಡ ಎನ್ನಬಹುದು. ಅಮೆರಿಕದ ಪದ್ಧತಿ ‘ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್’. ಜಾಗ ಟ್ರಸ್ಟಿನದು, ಮನೆ ವಾಸಿಯದು, ನಡುವೆ 99 ವರ್ಷದ ಲೀಸು. ಬಿಟ್ಟುಹೋಗುವವನು ಲೀಸಿನಲ್ಲಿ ಬರೆದ ಸೂತ್ರದಂತೆಯೇ ಮಾರಬೇಕು. ವರ್ಮಾಂಟಿನ ಬರ್ಲಿಂಗ್ಟನ್ ಪಟ್ಟಣದಲ್ಲಿ 1984ರಲ್ಲಿ ಶುರುವಾದ ಟ್ರಸ್ಟಿನಲ್ಲಿ, ಕಟ್ಟಿದ ಹಣ ವಾಪಸು, ಏರಿದ ಬೆಲೆಯಲ್ಲಿ ಕಾಲು ಪಾಲು. ಉಳಿದ ಮುಕ್ಕಾಲು ಮನೆಯ ಬೆಲೆಯಲ್ಲೇ ಉಳಿದು ಮುಂದಿನ ಬಡವನಿಗೆ ಕೈಗೆಟಕುತ್ತದೆ. ಈ ಪದ್ಧತಿಯ ಮೊದಲ ಪ್ರಯೋಗ 1969ರಲ್ಲಿ ಜಾರ್ಜಿಯಾದ ಆಲ್ಬನಿಯ ಬಳಿ, ಜಮೀನಿನಿಂದ ಹೊರದೂಡಲ್ಪಟ್ಟ ಕಪ್ಪು ರೈತರಿಗಾಗಿ. ಅದನ್ನು ರೂಪಿಸಿದವರಲ್ಲೊಬ್ಬರಾದ ರಾಬರ್ಟ್ ಸ್ವಾನ್ ಪ್ರೇರಣೆ ಪಡೆದದ್ದರಲ್ಲಿ ಹಳ್ಳಿಯ ಜಮೀನಿನ ಒಡೆತನವನ್ನು ಇಡೀ ಹಳ್ಳಿಗೆ ಒಪ್ಪಿಸುವ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ಮಹಾರಾಷ್ಟ್ರದಲ್ಲಿ 1964ರ ಗ್ರಾಮದಾನ ಕಾಯ್ದೆಯೇ ಇದೆ. ಹಳ್ಳಿಯ ಜಮೀನಿಗೆ ನಾವು ಯೋಚಿಸಿದ್ದನ್ನು ಅವರು ಊರ ಮನೆಗಳಿಗೆ ಹೊಂದಿಸಿಕೊಂಡರು, ನಾವು ಮಾತ್ರ ಪೇಠೆಗೆ ತರಲೇ ಇಲ್ಲ.

ನಮ್ಮ ಕಾನೂನಿನಲ್ಲಿ ಇದನ್ನು ಮಾಡುವ ದಾರಿ ಹೀಗೆ. 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಟ್ರಸ್ಟ್ ನೋಂದಾಯಿಸಿ ಜಾಗವನ್ನು ಅದರ ಹೆಸರಿಗೆ ಕೊಳ್ಳುವುದು. ಕಟ್ಟಡ, ದಿನನಿತ್ಯದ ಆಡಳಿತ ಸೊಸೈಟಿಯದು. ಆ ಕಾಯ್ದೆಯ 36ನೇ ಕಲಮು ನಿಮಗೆ ಬೇಕಾದ ಬೀಗ: ಧರ್ಮಾದಾಯ ಆಯುಕ್ತರ (ಟ್ರಸ್ಟುಗಳ ಮೇಲ್ವಿಚಾರಣೆಯ ಸರ್ಕಾರಿ ಅಧಿಕಾರಿ) ಪೂರ್ವಾನುಮತಿ ಇಲ್ಲದೆ ಟ್ರಸ್ಟಿನ ಸ್ಥಿರಾಸ್ತಿ ಮಾರುವಂತಿಲ್ಲ. ಮೂರು ವರ್ಷಕ್ಕಿಂತ ಹೆಚ್ಚಿನ ಲೀಸಿಗೂ ಅನುಮತಿ ಬೇಕು, ಹಾಗಾಗಿ ಸೊಸೈಟಿಗೆ ಕೊಡುವ ದೀರ್ಘ ಲೀಸಿಗೆ ಮೊದಲೇ ಅರ್ಜಿ ಹಾಕಬೇಕು. ಆ ಕಚೇರಿಯ ವೇಗ ನಿಮಗೆ ಗೊತ್ತಿರುವುದೇ. ಇನ್ನೊಂದು ತೊಡಕು, 18 ಮನೆಯವರಿಗಷ್ಟೇ ಎಂದು ಬರೆದರೆ ಅದು ಸಾರ್ವಜನಿಕ ಉದ್ದೇಶ ಎನಿಸಿಕೊಳ್ಳುವುದು ಕಷ್ಟ. ‘ಪೇಠೆಯ ಬಡ ಬಾಡಿಗೆದಾರರ ವಸತಿ’ ಎಂಬಂಥ ವಿಶಾಲ ಉದ್ದೇಶ ಬೇಕು. ನಾಳೆ ಪಕ್ಕದ ವಾಡೆಯವರೂ ಇದೇ ಟ್ರಸ್ಟಿಗೆ ಬರಬಹುದು, ಅದು ಲಾಭವೇ.

ಟ್ರಸ್ಟಿಗಳು ಯಾರು? ಎಲ್ಲ ಕೆಡುವುದು ಇಲ್ಲೇ. ಗಲ್ಲಿಯ ಪುಢಾರಿಯನ್ನು ಅಧ್ಯಕ್ಷ ಮಾಡಿದರೆ ಹಳೆ ಮಾಲಕನ ಬದಲು ಹೊಸ ಮಾಲಕ ಬಂದ ಹಾಗೆ. ಅಮೆರಿಕದ ಟ್ರಸ್ಟುಗಳಲ್ಲಿ ಮೂರರಲ್ಲೊಂದು ಪಾಲು ವಾಸಿಗಳು, ಒಂದು ಪಾಲು ನೆರೆಹೊರೆಯವರು, ಒಂದು ಪಾಲು ವಿಷಯ ಬಲ್ಲವರು ಇರುವುದು ರೂಢಿ. ನಿವೃತ್ತ ಮಾಸ್ತರರು, ಕಾರ್ಮಿಕ ಸಂಘದವರು, ಒಬ್ಬ ಲೆಕ್ಕಪರಿಶೋಧಕರು, ಹೀಗೆ ವಾಡೆಯಲ್ಲಿ ಸ್ವಂತ ಲಾಭವಿಲ್ಲದ ಮೂರ್ನಾಲ್ಕು ಮಂದಿ ಸಿಕ್ಕರೆ ಟ್ರಸ್ಟ್ ಮತ್ತು ಸೊಸೈಟಿ ಎರಡೂ ಮಾಡಿ. ಸಿಗದಿದ್ದರೆ ಕೋ-ಪಾರ್ಟ್‌ನರ್‌ಶಿಪ್ ಸೊಸೈಟಿ ಮಾಡಿ, ಬಿಟ್ಟುಹೋಗುವವರ ಷೇರನ್ನು ಕಟ್ಟಿದ ಹಣ ಮತ್ತು ನಿಗದಿತ ಏರಿಕೆಗೆ ಸಂಘವೇ ವಾಪಸು ಪಡೆಯುವುದೆಂದು ಪ್ರತಿ ಸದಸ್ಯನೊಂದಿಗೂ ಬೇರೆ ಕರಾರು ಬರೆಸಿ. ಟ್ರಸ್ಟಿನಷ್ಟು ಗಟ್ಟಿಯಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಎರಡರಲ್ಲಿ ಯಾವುದಾದರೂ ಖರೇದಿಗೆ ಮುಂಚೆಯೇ ತೀರ್ಮಾನವಾಗಬೇಕು. ಖರೇದಿಯಾದ ಮರುದಿನದಿಂದ ಪ್ರತಿ ಮನೆಯವರ ಮನಸ್ಸಿನಲ್ಲೂ ಒಂದು ಪೇಟೆ ಬೆಲೆ ಕೂತಿರುತ್ತದೆ, ಆಮೇಲೆ ಯಾರೂ ಸಹಿ ಹಾಕುವುದಿಲ್ಲ.

ಬೀಡಿ ಕಟ್ಟುವ ಆ ಇಬ್ಬರ ವಿಷಯ. ಅವರನ್ನು ಸದಸ್ಯರಾಗಲು ಒತ್ತಾಯಿಸಬೇಡಿ. ವಾಡೆ ಸಂಘದ್ದೋ ಟ್ರಸ್ಟಿನದೋ ಆದಾಗ ಅವರ ಮಾಲಕ ಬದಲಾಗುತ್ತಾನೆ ಅಷ್ಟೇ, ಅವರು ಅದೇ ಬಾಡಿಗೆಗೆ, ಅದೇ ಕಾಯ್ದೆಯ ರಕ್ಷಣೆಯಲ್ಲಿ ಇರಬಹುದು. ಇದನ್ನು ಹೇಳಲು ಇನ್ನೂ ಒಂದು ಕಾರಣವಿದೆ. ಸದಸ್ಯರಾದವರು ಆ ರಕ್ಷಣೆಯಿಂದ ಹೊರಗೆ ಬರುತ್ತಾರೆ. ಸದಸ್ಯ ಮತ್ತು ಸಂಘದ ನಡುವಿನ ತಕರಾರು ಸಹಕಾರ ಕಾಯ್ದೆಯ 91ನೇ ಕಲಮಿನಡಿ ಸಹಕಾರ ನ್ಯಾಯಾಲಯಕ್ಕೆ ಹೋಗುತ್ತದೆ, ಬಾಡಿಗೆ ಕೋರ್ಟಿಗಲ್ಲ. ಸಭೆಯ ಮುಕ್ಕಾಲು ಬಹುಮತ ಮತ್ತು ನಿಬಂಧಕರ (ಸಹಕಾರ ಸಂಘಗಳ ರಿಜಿಸ್ಟ್ರಾರ್) ಒಪ್ಪಿಗೆ ಇದ್ದರೆ ಸದಸ್ಯನನ್ನು ಉಚ್ಚಾಟಿಸಲೂಬಹುದು. ಹಾಗಾಗಿ ತಿಂಗಳ ಕಂತು ತಪ್ಪಿದವರಿಗೆ ಬಾಡಿಗೆ ಕಾಯ್ದೆಯಲ್ಲಿರುವ 90 ದಿನದ ಅವಕಾಶವನ್ನೇ ನಿಮ್ಮ ಉಪವಿಧಿಯಲ್ಲೂ ಬರೆದುಕೊಳ್ಳಿ. ದುಡ್ಡು ಕೂಡಿದಾಗ ಸದಸ್ಯರಾಗುವ ಹಕ್ಕನ್ನು ಆ ಇಬ್ಬರಿಗೆ ಮೊದಲ ಠರಾವಿನಲ್ಲೇ ಕಾಯ್ದಿರಿಸಿ, ಇಂದಿನ ಷೇರಿನ ಬೆಲೆಗೇ.

ಹಣದ ಲೆಕ್ಕ ಉದಾಹರಣೆಗೆ ಹೇಳುತ್ತೇನೆ, ನಿಮ್ಮ ವಾಡೆಯ ಬೆಲೆ ಇದೆಂದಲ್ಲ. 64 ಲಕ್ಷಕ್ಕೆ ಮಾತು ಮುಗಿದು 16 ಮನೆ ಸದಸ್ಯರಾದರೆ ತಲಾ 4 ಲಕ್ಷ. ಮುದ್ರಾಂಕ, ನೋಂದಣಿ, ಮಾಳಿಗೆ ರಿಪೇರಿ ಬೇರೆ. ಒಂದು ಲಕ್ಷ ಈಗ, ಉಳಿದದ್ದು ಸಂಘ ಪಡೆದ ಸಾಲದ ಕಂತು. ಸೊಲ್ಲಾಪುರದಲ್ಲಿ ನಾಗರಿ ಸಹಕಾರಿ ಬ್ಯಾಂಕುಗಳಿಗೆ ಬರವಿಲ್ಲ, ಆದರೆ ಜಾಗ ಟ್ರಸ್ಟಿನದಾದರೆ ಅಡಮಾನಕ್ಕೂ ಧರ್ಮಾದಾಯ ಆಯುಕ್ತರ ಅನುಮತಿ ಬೇಕಾಗಿ ಬ್ಯಾಂಕಿನವರು ಹಿಂದೇಟು ಹಾಕುತ್ತಾರೆ. ಟ್ರಸ್ಟಿನ ದಾರಿಗೆ ತೆರುವ ಬೆಲೆ ಇದು. ಒಬ್ಬನೇ ಶ್ರೀಮಂತ ನೆಂಟ ಎಲ್ಲರ ಪರವಾಗಿ ಹಣ ಹಾಕುತ್ತೇನೆಂದರೆ ಕೈ ಮುಗಿದು ಬೇಡ ಎನ್ನಿ.

ಕುಂಭಾರಿಯ ಮಾತು ಬೇರೆ. ಮಾಜಿ ಶಾಸಕ ನರಸಯ್ಯ ಆಡಂ ಮತ್ತು ಬೀಡಿ ಕಾರ್ಮಿಕರ ಸಂಘಟನೆ ವರ್ಷಗಟ್ಟಲೆ ಹೋರಾಡಿ ತಂದದ್ದು ಅದು. 2006ರಲ್ಲಿ ಗೋದುತಾಯಿ ಪರುಳೇಕರ ಹೆಸರಿನ ವಸಾಹತಿನ 10,000 ಮನೆಗಳು, ಆಮೇಲೆ 30,000 ಮನೆಗಳ ರಾಯನಗರ, ಅದರಲ್ಲಿ 15,000ದ ಹಸ್ತಾಂತರ 2024ರ ಜನವರಿಯಲ್ಲಿ. ಮನೆಯೇ ಇಲ್ಲದವರಿಗೆ ಅದಕ್ಕಿಂತ ದೊಡ್ಡ ಕೆಲಸ ಈ ಜಿಲ್ಲೆಯಲ್ಲಿ ಆಗಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಸರ್ಕಾರದ ಅನುದಾನದಿಂದ ಊರಾಚೆ ಕಟ್ಟಿದ ಹೊಸ ಮನೆ. ನೀವು ಕೇಳುತ್ತಿರುವುದು ಇದ್ದಲ್ಲೇ ಉಳಿಯುವುದನ್ನು. ನಿಮ್ಮ 18ರಲ್ಲಿ ಯಾರಿಗಾದರೂ ರಾಯನಗರದಲ್ಲಿ ಮನೆ ಬಂದಿದ್ದರೆ ಅದನ್ನು ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳಲಿ. ಬೇರೆ ಪಕ್ಕಾ ಮನೆ ಇರುವವರಿಗೆ ಅಗ್ಗದ ಷೇರು ಕೊಡಬಾರದು, ಕೊಟ್ಟರೆ ಖೋಲಿ ಮತ್ತೊಬ್ಬರಿಗೆ ಬಾಡಿಗೆಗೆ ಹೋಗುತ್ತದೆ.

ಒಂದು ಮಾತು ಉಳಿಯಿತು. ಠರಾವು, ಉಪವಿಧಿ, ಖರೇದಿಖತ ಎಲ್ಲ ಮರಾಠಿಯಲ್ಲಿರುತ್ತವೆ. ನಿಮ್ಮ ಹಿರಿಯರು ಮರಾಠಿ ಮಾತಾಡಿದರೂ ಕಾಗದದ ಮರಾಠಿ ಬೇರೆ. ಸಹಿಗೆ ಮುಂಚೆ ಕನ್ನಡದವರಿಗೆ ಕನ್ನಡದಲ್ಲಿ, ಪದ್ಮಶಾಲಿ ಮನೆಗಳವರಿಗೆ ತೆಲುಗಿನಲ್ಲಿ ಸಭೆಯಲ್ಲೇ ಪೂರ್ತಿ ಓದಿ ಹೇಳಿ, ಹಾಗೆ ಓದಿ ಹೇಳಲಾಯಿತು ಎಂದು ನಡಾವಳಿಯಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ. ‘ನನಗೆ ಯಾರೂ ಹೇಳಿರಲಿಲ್ಲ’ ಎಂಬ ಒಂದೇ ಮಾತಿನಿಂದ ಕರಾರುಗಳು ಕೋರ್ಟಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿರುತ್ತವೆ.